ಮನೋವೈದ್ಯಕೀಯ ಶುಶ್ರೂಷೆಯಲ್ಲಿ ಸಾಂಸ್ಕೃತಿಕ ಸಾಮರ್ಥ್ಯ

ಮನೋವೈದ್ಯಕೀಯ ಶುಶ್ರೂಷೆಯಲ್ಲಿ ಸಾಂಸ್ಕೃತಿಕ ಸಾಮರ್ಥ್ಯ ಎಂದರೆ ಮಾನಸಿಕ ತೊಂದರೆಯಿಂದ ಬಳಲುವ ವ್ಯಕ್ತಿಯ ಭಾಷೆ, ನಂಬಿಕೆ, ಕುಟುಂಬದ ರಚನೆ, ಆಹಾರ ಪದ್ಧತಿ ಹಾಗೂ ಸಾಮಾಜಿಕ ಸ್ಥಾನವನ್ನು ಅರಿತು, ಅದಕ್ಕೆ ಹೊಂದುವಂತೆ ಸುರಕ್ಷಿತವಾದ ಆರೈಕೆಯನ್ನು ನೀಡಲು ಶುಶ್ರೂಷಕರಿಗೆ ಬೇಕಾದ ತಿಳಿವಳಿಕೆ, ಮನೋಭಾವ ಮತ್ತು ಕೌಶಲ. ದೇಹದ ಕಾಯಿಲೆಗಳಲ್ಲಿ ರಕ್ತಪರೀಕ್ಷೆ, ಕ್ಷ-ಕಿರಣಗಳು ರೋಗನಿರ್ಣಯಕ್ಕೆ ನೆರವಾಗುತ್ತವೆ. ಮನೋರೋಗಗಳಲ್ಲಿ ರೋಗಿಯ ಮಾತು, ನಡವಳಿಕೆ ಮತ್ತು ಕುಟುಂಬದವರ ವಿವರಣೆಯೇ ಮುಖ್ಯ ಆಧಾರ. ಈ ಮೂರೂ ಸಂಸ್ಕೃತಿಯಿಂದ ರೂಪುಗೊಂಡಿರುವುದರಿಂದ, ಅವನ್ನು ತಪ್ಪಾಗಿ ಅರ್ಥಮಾಡಿಕೊಂಡರೆ ರೋಗವಿಲ್ಲದವರನ್ನು ರೋಗಿ ಎಂದು ಭಾವಿಸುವ ಅಥವಾ ನಿಜವಾದ ರೋಗವನ್ನು ಕೇವಲ ನಂಬಿಕೆಯೆಂದು ಕಡೆಗಣಿಸುವ ಅಪಾಯವಿರುತ್ತದೆ.

ಈ ಪರಿಕಲ್ಪನೆಯು ಪಾಶ್ಚಾತ್ಯ ಶುಶ್ರೂಷಾ ಶಾಸ್ತ್ರದಲ್ಲಿ ರೂಪುಗೊಂಡಿತಾದರೂ, ಅದಕ್ಕೆ ಪೂರಕವಾದ ಹಲವು ಮಹತ್ವದ ಅಧ್ಯಯನಗಳು ಕರ್ನಾಟಕದಲ್ಲಿಯೇ ನಡೆದಿವೆ. ಈ ಲೇಖನವು ಪರಿಕಲ್ಪನೆಯ ಹಿನ್ನೆಲೆಯನ್ನೂ, ಹಾಸನ ಜಿಲ್ಲೆಯ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಸಂದರ್ಭದಲ್ಲಿ ಅದರ ಅನ್ವಯವನ್ನೂ ವಿವರಿಸುತ್ತದೆ.

== ಹಿನ್ನೆಲೆ ==

ಶುಶ್ರೂಷೆ ಮತ್ತು ಸಂಸ್ಕೃತಿಯ ಸಂಬಂಧವನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಮೆಡಲಿನ್ ಲೈನಿಂಜರ್ (1925–2012) ಮೊದಲಿಗರು. 1950ರ ದಶಕದಲ್ಲಿ ಮಕ್ಕಳ ಮಾರ್ಗದರ್ಶನ ಕೇಂದ್ರವೊಂದರಲ್ಲಿ ಮನೋವೈದ್ಯಕೀಯ ಶುಶ್ರೂಷಕಿಯಾಗಿದ್ದಾಗ, ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಒಂದೇ ಬಗೆಯ ಆರೈಕೆಗೆ ಭಿನ್ನವಾಗಿ ಪ್ರತಿಕ್ರಿಯಿಸುವುದನ್ನು ಅವರು ಗಮನಿಸಿದರು. ಬಳಿಕ ಮಾನವಶಾಸ್ತ್ರವನ್ನು ಅಭ್ಯಸಿಸಿ, ಪಪುವಾ ನ್ಯೂಗಿನಿಯ ಗಡ್ಸಪ್ ಜನರ ನಡುವೆ ಕ್ಷೇತ್ರಕಾರ್ಯ ನಡೆಸಿ, ‘ಅಂತರ್‌ಸಾಂಸ್ಕೃತಿಕ ಶುಶ್ರೂಷೆ’ ಎಂಬ ಶಾಖೆಗೆ ಅಡಿಪಾಯ ಹಾಕಿದರು. ಹೀಗೆ ಈ ಶಾಖೆಯು ಹುಟ್ಟಿದ್ದೇ ಮಾನಸಿಕ ಆರೋಗ್ಯದ ಕ್ಷೇತ್ರದಿಂದ. ಲೈನಿಂಜರ್ ಅವರ ಪ್ರಕಾರ ಶುಶ್ರೂಷಕರು ರೋಗಿಯ ಆಚರಣೆಗಳ ವಿಷಯದಲ್ಲಿ ಮೂರು ಬಗೆಯ ನಿರ್ಧಾರಗಳನ್ನು ಕೈಗೊಳ್ಳಬಹುದು:

* ಉಪಯುಕ್ತವಾದ ಆಚರಣೆಯನ್ನು ಉಳಿಸಿಕೊಳ್ಳುವುದು;
* ಆಚರಣೆ ಮತ್ತು ಚಿಕಿತ್ಸೆ ಎರಡೂ ಸಾಗುವಂತೆ ಹೊಂದಾಣಿಕೆ ಮಾಡುವುದು;
* ಹಾನಿಕರವಾದ ಆಚರಣೆಯನ್ನು ರೋಗಿ ಮತ್ತು ಕುಟುಂಬದ ಸಮ್ಮತಿಯೊಂದಿಗೆ ಬದಲಾಯಿಸುವುದು.

ಅಮೆರಿಕದ ಮನೋವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಅವರು 1970ರ ದಶಕದಲ್ಲಿ ‘ವಿವರಣಾ ಮಾದರಿ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ರೋಗ ಏಕೆ ಬಂತು, ಅದು ಏನು ಮಾಡುತ್ತಿದೆ, ಹೇಗೆ ಗುಣವಾಗುತ್ತದೆ ಎಂಬ ಬಗ್ಗೆ ರೋಗಿ, ಕುಟುಂಬ ಮತ್ತು ವೈದ್ಯ ಈ ಮೂವರಿಗೂ ತಮ್ಮದೇ ಆದ ವಿವರಣೆ ಇರುತ್ತದೆ. ಇವುಗಳ ನಡುವಿನ ಅಂತರವೇ ಚಿಕಿತ್ಸೆ ವಿಫಲವಾಗಲು ಒಂದು ಕಾರಣವಾಗುತ್ತದೆ ಎಂಬುದು ಅವರ ವಾದ. 1990ರ ದಶಕದಲ್ಲಿ ಜೋಸೆಫಾ ಕಾಂಪಿನ್ಹಾ-ಬಕೋಟೆ ಅವರು ಸಾಂಸ್ಕೃತಿಕ ಸಾಮರ್ಥ್ಯವನ್ನು ಅರಿವು, ಜ್ಞಾನ, ಕೌಶಲ, ಒಡನಾಟ ಮತ್ತು ಇಚ್ಛೆ ಎಂಬ ಐದು ಅಂಶಗಳಾಗಿ ವಿಂಗಡಿಸಿದರು. ನ್ಯೂಜಿಲೆಂಡಿನ ಮಾವೊರಿ ಶುಶ್ರೂಷಕಿ ಐರಿಹಾಪೆಟಿ ರಾಮ್ಸ್‌ಡೆನ್ ಅವರು ‘ಸಾಂಸ್ಕೃತಿಕ ಸುರಕ್ಷತೆ’ ಎಂಬ ಚಿಂತನೆಯನ್ನು ಬೆಳೆಸಿದರು. ಆರೈಕೆಯು ಸುರಕ್ಷಿತವಾಗಿತ್ತೇ ಎಂಬುದನ್ನು ಹೇಳಬೇಕಾದವರು ಅದನ್ನು ನೀಡಿದವರಲ್ಲ, ಪಡೆದವರು ಎಂಬುದು ಇದರ ತಿರುಳು.

== ಕರ್ನಾಟಕದಲ್ಲಿ ನಡೆದ ಅಧ್ಯಯನಗಳು ==

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1950ರ ದಶಕದಲ್ಲಿಯೇ ಅಲ್ಲಿ ಮನೋವೈದ್ಯಕೀಯ ಶುಶ್ರೂಷೆಯ ಡಿಪ್ಲೊಮಾ ತರಬೇತಿ ಪ್ರಾರಂಭಗೊಂಡಿತು. 1974ರಲ್ಲಿ ಈ ಸಂಸ್ಥೆ ಮತ್ತು ಮಾನಸಿಕ ಆಸ್ಪತ್ರೆ ವಿಲೀನಗೊಂಡು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ಸ್ಥಾಪನೆಯಾಯಿತು.

ಸ್ಕಾಟ್ಲೆಂಡಿನ ಮನೋವೈದ್ಯ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಭಾರತದ ಆರ್. ಎಲ್. ಕಪೂರ್ ಅವರು ಕರಾವಳಿಯ ಕೋಟ ಗ್ರಾಮದಲ್ಲಿ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡಿ, 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅಲ್ಲಿನ ಜನರು ವೈದ್ಯರು, ಮಂತ್ರವಾದಿಗಳು ಮತ್ತು ದೈವ ಮೈಮೇಲೆ ಬರುವ ಪಾತ್ರಿಗಳ ಬಳಿಗೆ ಹೋಗುವ ಬಗೆಯನ್ನೂ ಕಪೂರ್ ಅವರು ಪರಿಶೀಲಿಸಿದರು.

ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅವರು 1981ರಲ್ಲಿ ದಕ್ಷಿಣ ಕನ್ನಡದ ಹವ್ಯಕ ಮಹಿಳೆಯರ ಕುರಿತು ಬರೆದ ಪ್ರಬಂಧದಲ್ಲಿ ‘ಯಾತನೆಯ ನುಡಿಗಟ್ಟುಗಳು’ ಎಂಬ ಪರಿಕಲ್ಪನೆಯನ್ನು ವಿವರಿಸಿದರು. ಮನೆಯಲ್ಲಿ ನೇರವಾಗಿ ಹೇಳಲಾಗದ ಸಂಕಟವನ್ನು ಮಹಿಳೆಯರು ಉಪವಾಸ, ಅತಿಯಾದ ಮಡಿ, ತೂಕ ಇಳಿಯುವಿಕೆ, ದೃಷ್ಟಿಯ ಭಯ, ಪದೇ ಪದೇ ವೈದ್ಯರ ಬಳಿ ಹೋಗುವುದು ಮುಂತಾದ ರೂಪಗಳಲ್ಲಿ ವ್ಯಕ್ತಪಡಿಸುತ್ತಾರೆ ಎಂದು ಅವರು ತೋರಿಸಿದರು. ಈ ಪರಿಕಲ್ಪನೆಯು ಮುಂದೆ ಜಗತ್ತಿನ ಮನೋವೈದ್ಯಶಾಸ್ತ್ರದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು.

ಆರ್. ರಘುರಾಮ್, ಮಿಚೆಲ್ ವೈಸ್, ಎಸ್. ಎಂ. ಚನ್ನಬಸವಣ್ಣ ಮೊದಲಾದವರು ಬೆಂಗಳೂರಿನಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವು ಕಳಂಕದ ಭಾವನೆಗೆ ಸಂಬಂಧಿಸಿದ್ದು. ಖಿನ್ನತೆಯ ಲಕ್ಷಣಗಳು ಹೆಚ್ಚಿದಂತೆ ಕಳಂಕದ ಭಾವನೆ ಹೆಚ್ಚುವುದೂ, ತೊಂದರೆಯನ್ನು ದೇಹದ ನೋವಾಗಿ ಹೇಳುವವರಲ್ಲಿ ಅದು ಕಡಿಮೆ ಇರುವುದೂ ಇದರಲ್ಲಿ ಕಂಡುಬಂದಿತು. ಮೈಕೈ ನೋವನ್ನು ಹೇಳಿಕೊಂಡರೆ ಸಹಾನುಭೂತಿ ದೊರೆಯುತ್ತದೆ. ಮನಸ್ಸಿನ ನೋವನ್ನು ಹೇಳಿಕೊಂಡರೆ ಮದುವೆ, ಮರ್ಯಾದೆಗಳಿಗೆ ಧಕ್ಕೆಯಾಗುತ್ತದೆ ಎಂಬ ಭಯವು ಇದರ ಹಿಂದಿದೆ.

== ಹಾಸನ ಜಿಲ್ಲೆಯ ಸಂದರ್ಭ ==

2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಜಿಲ್ಲಾಕೇಂದ್ರದಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ಅದರ ಬೋಧನಾ ಆಸ್ಪತ್ರೆ ಇದ್ದು, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಆರಂಭವಾಯಿತು. ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. ಈ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಮತ್ತು ಸಮಾಜ ಕಾರ್ಯಕರ್ತರ ಜೊತೆಗೆ ಮನೋವೈದ್ಯಕೀಯ ಶುಶ್ರೂಷಕರಿಗೂ ಸಮುದಾಯ ಶುಶ್ರೂಷಕರಿಗೂ ಸ್ಥಾನವಿದೆ. ಕರ್ನಾಟಕದಲ್ಲಿ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಮಟ್ಟದಲ್ಲಿ ಮಾನಸಿಕ ಆರೋಗ್ಯ ತಪಾಸಣೆಯ ವ್ಯವಸ್ಥೆಯನ್ನು ರೂಪಿಸಲಾಯಿತು. ಭೇಟಿ ನೀಡುವ ಮನೋವೈದ್ಯರಿಗೆ ಪ್ರತಿಯೊಬ್ಬ ರೋಗಿಯೊಂದಿಗೆ ಕಳೆಯಲು ಸಿಗುವ ಸಮಯ ಕಡಿಮೆ. ಹೀಗಾಗಿ ಮಾತನ್ನು ಪೂರ್ಣವಾಗಿ ಕೇಳಿಸಿಕೊಳ್ಳುವ ಹೊಣೆ ಬಹುಮಟ್ಟಿಗೆ ಶುಶ್ರೂಷಕರ ಮೇಲೆ ಬೀಳುತ್ತದೆ.

ನಾಲ್ಕು ತಾಲ್ಲೂಕುಗಳು ಪರಸ್ಪರ ಸಮೀಪದಲ್ಲಿದ್ದರೂ ಅವುಗಳ ಸಾಂಸ್ಕೃತಿಕ ಚಿತ್ರ ಒಂದೇ ಅಲ್ಲ.

* ಹಾಸನ: ಇಲ್ಲಿನ ಹಾಸನಾಂಬ ದೇವಾಲಯವು ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ತೆರೆಯುತ್ತದೆ. ಸಮೀಪದ ಕೌಶಿಕ ಗ್ರಾಮವು ಸಂಕೇತಿ ಭಾಷೆಯನ್ನಾಡುವ ಸಮುದಾಯದ ನೆಲೆಗಳಲ್ಲೊಂದು. ನಗರದಲ್ಲಿ ಉರ್ದು ಮನೆಮಾತಿನ ಕುಟುಂಬಗಳೂ ಇವೆ.
* ಹೊಳೆನರಸೀಪುರ: ಹೇಮಾವತಿ ನದಿಯ ದಡದ ಪಟ್ಟಣ. ಕೃಷಿಯನ್ನು ಅವಲಂಬಿಸಿದ ಕುಟುಂಬಗಳಲ್ಲಿ ನಾಟಿ, ಕೊಯ್ಲು ಮತ್ತು ಜಾತ್ರೆಗಳ ಕಾಲವೇ ಆಸ್ಪತ್ರೆಗೆ ಬರುವ ದಿನವನ್ನು ನಿರ್ಧರಿಸುವುದುಂಟು.
* ಅರಕಲಗೂಡು: ಕಾವೇರಿ ದಡದ ರಾಮನಾಥಪುರದ ಸುಬ್ರಹ್ಮಣ್ಯ ದೇವಾಲಯವು ಷಷ್ಠಿಯ ರಥೋತ್ಸವಕ್ಕೆ ಪ್ರಸಿದ್ಧ. ಅದೇ ಊರಿನಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದ್ದು, ಹರಾಜಿನ ಬೆಲೆಯು ಈ ಭಾಗದ ಬೆಳೆಗಾರರ ವರ್ಷದ ನೆಮ್ಮದಿಯನ್ನೇ ತೀರ್ಮಾನಿಸುತ್ತದೆ. ಸಂಗೀತಕ್ಕೆ ಹೆಸರಾದ ರುದ್ರಪಟ್ಟಣವೂ ಸಂಕೇತಿ ಸಮುದಾಯದ ನೆಲೆ.
* ಚನ್ನರಾಯಪಟ್ಟಣ: ಜೈನರ ಪ್ರಮುಖ ತೀರ್ಥಕ್ಷೇತ್ರ ಶ್ರವಣಬೆಳಗೊಳ ಈ ತಾಲ್ಲೂಕಿನಲ್ಲಿದೆ.

ಇಂತಹ ವಿವರಗಳು ಶುಶ್ರೂಷಕರಿಗೆ ಪೂರ್ವಸಿದ್ಧತೆಯಾಗಿ ಮಾತ್ರ ಉಪಯುಕ್ತ. ನಿರ್ದಿಷ್ಟ ರೋಗಿಯೊಬ್ಬರು ಏನನ್ನು ನಂಬುತ್ತಾರೆ ಎಂಬುದನ್ನು ಅವರ ಊರು, ಜಾತಿ ಅಥವಾ ಧರ್ಮದಿಂದ ಊಹಿಸಲಾಗದು; ಅವರನ್ನೇ ಕೇಳಿ ತಿಳಿಯಬೇಕು.

== ಯಾತನೆಯ ಭಾಷೆ ==

ಕನ್ನಡದಲ್ಲಿ ‘ಖಿನ್ನತೆ’, ‘ಆತಂಕದ ಕಾಯಿಲೆ’ ಎಂಬ ಪದಗಳು ಪುಸ್ತಕದ ಪದಗಳು. ಹಳ್ಳಿಯಿಂದ ಬಂದ ರೋಗಿಯು ಇವನ್ನು ಬಳಸುವುದು ವಿರಳ. ‘ಎದೆ ಭಾರ’, ‘ಎದೆ ಡವಡವ ಅನ್ನುತ್ತದೆ’, ‘ತಲೆಯೆಲ್ಲ ಉರಿ’, ‘ಕೈಕಾಲು ಸೆಳೆತ’, ‘ಸುಸ್ತು’, ‘ಸಂಕಟ’, ‘ಮನಸ್ಸಿಗೆ ನೆಮ್ಮದಿ ಇಲ್ಲ’, ‘ಯಾವುದರಲ್ಲೂ ಆಸೆ ಇಲ್ಲ’ ಎಂಬ ಮಾತುಗಳಲ್ಲಿ ತೊಂದರೆ ಹೊರಬರುತ್ತದೆ. ಮಹಿಳೆಯರು ‘ಬಿಳಿ ಸೆರಗು’, ಪುರುಷರು ‘ಧಾತು ನಷ್ಟ’ ಎಂದು ಹೇಳಿಕೊಳ್ಳುವಾಗ ಅದರ ಹಿಂದೆ ಆತಂಕ ಅಥವಾ ಖಿನ್ನತೆ ಇರುವ ಸಾಧ್ಯತೆಯನ್ನು ಪರಿಶೀಲಿಸಬೇಕಾಗುತ್ತದೆ. ಹಾಗೆಂದು ದೇಹದ ಕಾಯಿಲೆಯನ್ನು ಹುಡುಕದೆ ಬಿಡುವಂತಿಲ್ಲ. ರಕ್ತಹೀನತೆ, ಥೈರಾಯ್ಡ್ ದೋಷ, ಸೋಂಕು ಇವೂ ಇದೇ ದೂರುಗಳನ್ನು ಉಂಟುಮಾಡಬಲ್ಲವು.

ಕೆಲವು ಹೆಸರುಗಳೇ ಚಿಕಿತ್ಸೆಯನ್ನು ತಡಮಾಡುತ್ತವೆ. ವೃದ್ಧರ ಮರೆವಿನ ಕಾಯಿಲೆಯನ್ನು ‘ಅರವತ್ತರ ಅರಳುಮರಳು’ ಎಂದು ಭಾವಿಸಿ ಸುಮ್ಮನಿರುವುದುಂಟು. ಹೆರಿಗೆಯ ನಂತರ ಕಾಣಿಸಿಕೊಳ್ಳುವ ತೀವ್ರ ಮನೋವಿಕಾರವನ್ನು ‘ಬಾಣಂತಿ ಸನ್ನಿ’ ಎಂದು ಕರೆದು, ಶೀತವಾಗಿದೆಯೆಂದು ಮನೆಮದ್ದಿನಲ್ಲೇ ದಿನ ಕಳೆಯುವುದುಂಟು. ಇದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ತರಬಹುದಾದ ತುರ್ತು ಸ್ಥಿತಿ. ಬಾಣಂತನಕ್ಕೆ ತವರಿಗೆ ಹೋಗುವ ರೂಢಿಯಿಂದಾಗಿ ಗರ್ಭಿಣಿಯ ದಾಖಲೆ ಒಂದು ತಾಲ್ಲೂಕಿನಲ್ಲಿಯೂ ಬಾಣಂತಿಯ ವಾಸ ಇನ್ನೊಂದು ತಾಲ್ಲೂಕಿನಲ್ಲಿಯೂ ಇರಬಹುದು. ಹೀಗಾಗಿ ತವರೂರಿನ ಆಶಾ ಕಾರ್ಯಕರ್ತೆಗೆ ವಿಷಯ ತಲುಪಿಸುವುದು ಶುಶ್ರೂಷಾ ಯೋಜನೆಯ ಭಾಗವಾಗಬೇಕು. ಇಂತಹ ತಾಯಂದಿರನ್ನು ಮಗುವಿನೊಂದಿಗೇ ದಾಖಲಿಸಿಕೊಳ್ಳುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಸಂಬೋಧನೆಯೂ ಆರೈಕೆಯ ಅಂಗ. ರೋಗಿ ವಯಸ್ಕರಾಗಿದ್ದರೂ ಮನೋರೋಗವಿದೆ ಎಂಬ ಕಾರಣಕ್ಕೆ ‘ನೀನು’, ‘ಬಾರೋ’, ‘ಕೂತ್ಕೊ’ ಎಂದು ಏಕವಚನದಲ್ಲಿ ಮಾತನಾಡಿಸುವುದು ಗೌರವಕ್ಕೆ ಕುಂದು. ಊರಿನಲ್ಲಿ ಜಾತಿಯ ಕಾರಣಕ್ಕೆ ಜೀವನಪೂರ್ತಿ ಏಕವಚನವನ್ನೇ ಕೇಳಿಸಿಕೊಂಡ ಹಿರಿಯರಿಗೆ ಆಸ್ಪತ್ರೆಯಲ್ಲಿಯೂ ಅದೇ ಎದುರಾದರೆ, ಅದು ಕೇವಲ ಒರಟುತನವಾಗಿ ಉಳಿಯದೆ ಹಳೆಯ ಅವಮಾನದ ಮುಂದುವರಿಕೆಯಾಗುತ್ತದೆ. ‘ನೀವು’ ಎಂಬ ಬಹುವಚನ, ‘ಅಮ್ಮ’, ‘ಅಜ್ಜಿ’, ‘ಅಣ್ಣ’, ‘ಯಜಮಾನರೇ’ ಎಂಬ ಸಂಬೋಧನೆಗಳು ವಿಶ್ವಾಸ ಮೂಡಿಸುತ್ತವೆ. ‘ಹುಚ್ಚು’, ‘ಮೆಂಟಲ್’ ಎಂಬ ಪದಗಳನ್ನು ಸಿಬ್ಬಂದಿಯು ತಮ್ಮ ನಡುವಿನ ಮಾತಿನಲ್ಲಿಯೂ ಬಳಸಬಾರದು.

ಕರ್ನಾಟಕದ ಆಸ್ಪತ್ರೆಗಳಲ್ಲಿ ಕೇರಳ ಮೊದಲಾದ ನೆರೆರಾಜ್ಯಗಳಿಂದ ಬಂದ ಶುಶ್ರೂಷಕರೂ ವಿದ್ಯಾರ್ಥಿಗಳೂ ಇರುತ್ತಾರೆ. ಅವರಿಗೆ ವ್ಯಾವಹಾರಿಕ ಕನ್ನಡ ಮಾತ್ರ ಸಾಲದು. ಸಂಕಟವನ್ನು ಹೇಳುವ ಕನ್ನಡವನ್ನೂ ಕಲಿಯಬೇಕಾಗುತ್ತದೆ. ಮನೆಮಾತು ಬೇರೆಯಾಗಿರುವ ರೋಗಿಗೆ ಭಾಷಾಂತರ ಬೇಕಾದಾಗ ಕುಟುಂಬದವರನ್ನು, ವಿಶೇಷವಾಗಿ ಮಕ್ಕಳನ್ನು, ಅವಲಂಬಿಸಬಾರದು. ಮನೆಯೊಳಗಿನ ಹಿಂಸೆ, ಆತ್ಮಹತ್ಯೆಯ ಯೋಚನೆಗಳಂತಹ ವಿಷಯಗಳು ಅವರ ಮೂಲಕ ಹೊರಬರುವುದಿಲ್ಲ.

== ನಂಬಿಕೆ ಮತ್ತು ರೋಗಲಕ್ಷಣ ==

‘ಗಾಳಿ ಸೋಕಿದೆ’, ‘ಮಾಟ ಮಾಡಿಸಿದ್ದಾರೆ’, ‘ಸರ್ಪದೋಷವಿದೆ’, ‘ಗ್ರಹಚಾರ ಸರಿಯಿಲ್ಲ’ ಎಂಬ ವಿವರಣೆಗಳನ್ನು ಕುಟುಂಬದವರು ನೀಡಿದಾಗ, ಅವು ರೋಗಿಯ ಭ್ರಮೆಯೇ ಸಮುದಾಯದ ನಂಬಿಕೆಯೇ ಎಂಬುದನ್ನು ಬೇರ್ಪಡಿಸಬೇಕಾಗುತ್ತದೆ. ಜಾತ್ರೆಯಲ್ಲಿ ದೇವರು ಮೈಮೇಲೆ ಬರುವುದು ಸಮುದಾಯ ಒಪ್ಪಿದ ಆಚರಣೆ. ಅದಕ್ಕೆ ನಿರ್ದಿಷ್ಟ ಸ್ಥಳ, ಸಮಯ ಮತ್ತು ಕ್ರಮವಿರುತ್ತದೆ. ಆಚರಣೆ ಮುಗಿದ ಮೇಲೆ ವ್ಯಕ್ತಿಯು ತನ್ನ ಎಂದಿನ ಕೆಲಸಕ್ಕೆ ಮರಳುತ್ತಾನೆ. ಆದರೆ ಯಾವ ಸಂದರ್ಭವೂ ಇಲ್ಲದೆ ಪದೇ ಪದೇ ಉಂಟಾಗುವುದು, ದಿನಗಟ್ಟಲೆ ಮುಂದುವರಿಯುವುದು, ಊಟ ನಿದ್ರೆ ಸ್ನಾನಗಳು ಕೆಡುವುದು, ತನಗೂ ಇತರರಿಗೂ ಅಪಾಯ ತರುವುದು ಇವು ರೋಗದ ಸೂಚನೆಗಳು. ‘ಇದು ನಮ್ಮ ದೇವರು ಬರುವ ರೀತಿ ಅಲ್ಲ’ ಎಂದು ಊರಿನ ಹಿರಿಯರೇ ಹೇಳಿದರೆ ಆ ಮಾತಿಗೆ ಹೆಚ್ಚಿನ ಬೆಲೆಯಿದೆ.

ತಪ್ಪು ಗ್ರಹಿಕೆಯು ಪ್ರಾಣಾಪಾಯಕ್ಕೆ ಎಡೆಮಾಡುವ ಒಂದು ಸಂದರ್ಭ ಮದ್ಯವ್ಯಸನಿಗಳದ್ದು. ದೇವರ ಮುಂದೆ ಆಣೆ ಮಾಡಿ ಅಥವಾ ಅಯ್ಯಪ್ಪ ಮಾಲೆ ಧರಿಸಿ ಒಮ್ಮೆಲೇ ಕುಡಿತ ಬಿಡುವುದು ರೂಢಿಯಲ್ಲಿದೆ. ದೀರ್ಘಕಾಲ ಅತಿಯಾಗಿ ಕುಡಿಯುತ್ತಿದ್ದವರಲ್ಲಿ ಕುಡಿತ ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ನಡುಕ, ಜ್ವರ, ದಿಕ್ಕುತಪ್ಪಿದ ಮಾತು, ಇಲ್ಲದ್ದು ಕಣ್ಣಿಗೆ ಕಾಣುವುದು ಮುಂತಾದ ತೀವ್ರ ಸ್ಥಿತಿ ಉಂಟಾಗಬಹುದು. ವ್ರತಭಂಗದ ಫಲ ಅಥವಾ ಗಾಳಿಯ ಕಾಟ ಎಂದು ಭಾವಿಸಿ ಮನೆಯಲ್ಲೇ ಇಟ್ಟುಕೊಂಡರೆ ಸಾವು ಸಂಭವಿಸಬಹುದು. ಶುಶ್ರೂಷಕರು ವ್ರತವನ್ನು ಹಳಿಯದೆ, ವ್ರತ ಹಿಡಿಯುವ ಮೊದಲು ಆಸ್ಪತ್ರೆಗೆ ಬಂದು ಔಷಧಿಯ ನೆರವಿನಿಂದ ಕುಡಿತ ಬಿಡುವಂತೆ ಸಲಹೆ ನೀಡಬಹುದು. ವ್ರತವು ನಂತರದ ದಿನಗಳಲ್ಲಿ ಕುಡಿತದಿಂದ ದೂರವಿರಲು ಬಲವಾದ ಆಸರೆಯೂ ಆಗಬಲ್ಲದು.

ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳಲ್ಲಿ ಅನೇಕವು ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದವರನ್ನು ಸ್ಮರಿಸುತ್ತವೆ. ಇದು ವೃದ್ಧಾಪ್ಯ ಅಥವಾ ವಾಸಿಯಾಗದ ಕಾಯಿಲೆಯಲ್ಲಿ ಗುರುಗಳ ಅನುಮತಿ ಪಡೆದು, ಸಮುದಾಯಕ್ಕೆ ತಿಳಿದಂತೆ, ಹಂತಹಂತವಾಗಿ ಆಹಾರವನ್ನು ತ್ಯಜಿಸುವ ಜೈನ ವ್ರತ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಈ ಆಚರಣೆಯನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪು ನೀಡಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ವ್ರತದ ಧಾರ್ಮಿಕ ಔಚಿತ್ಯವನ್ನು ನಿರ್ಣಯಿಸುವುದು ಶುಶ್ರೂಷಕರ ಕೆಲಸವಲ್ಲ. ಆದರೆ ಊಟ ಬಿಟ್ಟ ವ್ಯಕ್ತಿಯಲ್ಲಿ ಖಿನ್ನತೆ, ಹತಾಶೆ, ತಪ್ಪಿತಸ್ಥ ಭಾವನೆ ಅಥವಾ ಕುಟುಂಬದ ಒತ್ತಡ ಇದೆಯೇ ಎಂದು ಪರೀಕ್ಷಿಸಿ ವೈದ್ಯರ ಗಮನಕ್ಕೆ ತರುವುದು ಅವರ ಕರ್ತವ್ಯ. ಜೈನರೆಂಬ ಕಾರಣಕ್ಕೆ ಖಿನ್ನತೆಯನ್ನು ವ್ರತವೆಂದು ಭಾವಿಸುವುದೂ ತಪ್ಪು, ವ್ರತವೆಲ್ಲವನ್ನೂ ಖಿನ್ನತೆಯೆಂದು ಭಾವಿಸುವುದೂ ತಪ್ಪು.

== ಸಾಂಪ್ರದಾಯಿಕ ಚಿಕಿತ್ಸೆಯೊಂದಿಗಿನ ಸಂಬಂಧ ==

ಮನೋರೋಗಿಗಳ ಕುಟುಂಬಗಳು ಆಸ್ಪತ್ರೆಗೆ ಬರುವ ಮೊದಲು ಅಥವಾ ಬಂದ ನಂತರವೂ ದೇವಾಲಯ, ದರ್ಗಾ, ಮಂತ್ರವಾದಿ, ನಾಟಿ ವೈದ್ಯರ ಬಳಿಗೆ ಹೋಗುವುದು ಸಾಮಾನ್ಯ. ಹರಕೆ, ತಾಯಿತ, ವಿಭೂತಿ, ಶಾಸ್ತ್ರ ಕೇಳಿಸುವುದು ಇವೆಲ್ಲ ಕುಟುಂಬವು ರೋಗಿಯನ್ನು ಕೈಬಿಟ್ಟಿಲ್ಲ ಎಂಬುದರ ಕುರುಹುಗಳೂ ಹೌದು. ಬೆಂಗಳೂರಿನ ಸಂಶೋಧಕರು ತಮಿಳುನಾಡಿನ ದೇವಾಲಯವೊಂದರಲ್ಲಿ ತಂಗಿದ್ದ ಮನೋರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿಯು, ಅಲ್ಲಿನ ಶಾಂತ ವಾತಾವರಣ ಮತ್ತು ಆದರದಿಂದ ಅವರ ಲಕ್ಷಣಗಳು ಒಂದಿಷ್ಟು ಕಡಿಮೆಯಾದುದನ್ನು ದಾಖಲಿಸಿತು.

ಇದರ ಇನ್ನೊಂದು ಮುಖವೂ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದ ಮನೋರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಿಂದ ಬಂಧಿತರಾಗಿದ್ದವರು ತಪ್ಪಿಸಿಕೊಳ್ಳಲಾಗದೆ 28 ಮಂದಿ ಸಾವನ್ನಪ್ಪಿದರು. ಸಂಸ್ಕೃತಿಯ ಗೌರವಕ್ಕೆ ಇರುವ ಮಿತಿಯನ್ನು ಈ ದುರಂತ ತೋರಿಸುತ್ತದೆ. ಪೂಜೆ, ಹರಕೆ, ತಾಯಿತಗಳನ್ನು ಚಿಕಿತ್ಸೆಯ ಜೊತೆಗೆ ಉಳಿಸಿಕೊಳ್ಳಬಹುದು. ಕಟ್ಟಿಹಾಕುವುದು, ಹೊಡೆಯುವುದು, ಬರೆ ಹಾಕುವುದು, ಉಪವಾಸ ಕೆಡವುವುದು, ಮಾತ್ರೆ ನಿಲ್ಲಿಸುವುದು ಇವುಗಳೊಂದಿಗೆ ಹೊಂದಾಣಿಕೆ ಸಾಧ್ಯವಿಲ್ಲ.

ರೋಗಿಯು ಬೇರೆಡೆ ಪಡೆದ ಚಿಕಿತ್ಸೆಯನ್ನು ಮುಚ್ಚಿಡದೆ ಹೇಳುವ ವಾತಾವರಣವಿರುವುದು ಅಗತ್ಯ. ಗದರಿಸಿದರೆ ಕುಟುಂಬವು ಮುಂದಿನ ಬಾರಿ ನಾಟಿ ಔಷಧಿಯ ವಿಷಯವನ್ನೇ ಹೇಳುವುದಿಲ್ಲ. ಆಗ ಆ ಔಷಧಿಯಿಂದಾಗುವ ವಿಷಪರಿಣಾಮವೂ ಗೊತ್ತಾಗದೆ ಉಳಿಯುತ್ತದೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವ ರೂಢಿಯನ್ನು ಕಂಡಾಗಲೂ ಹೀಗೆಯೇ: ಗೇಲಿ ಮಾಡುವುದಕ್ಕಿಂತ, ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು ಎಂದು ತೋರಿಸಿಕೊಡುವುದು ಫಲಕಾರಿ.

== ಶುಶ್ರೂಷಾ ಪ್ರಕ್ರಿಯೆಯಲ್ಲಿ ಅನ್ವಯ ==

=== ಮಾಹಿತಿ ಸಂಗ್ರಹ ===

ಕ್ಲೈನ್‌ಮನ್ ಅವರ ಚಿಂತನೆಯನ್ನು ಅನುಸರಿಸಿ ಈ ಬಗೆಯ ಪ್ರಶ್ನೆಗಳನ್ನು ಸರಳ ಕನ್ನಡದಲ್ಲಿ ಕೇಳಬಹುದು:

* ಈ ತೊಂದರೆಗೆ ನಿಮ್ಮ ಮನೆಯಲ್ಲಿ ಏನೆಂದು ಹೇಳುತ್ತಾರೆ?
* ಇದು ಯಾವಾಗ ಶುರುವಾಯಿತು? ಆಗ ಮನೆಯಲ್ಲಿ, ಹೊಲದಲ್ಲಿ ಏನಾದರೂ ನಡೆದಿತ್ತೇ?
* ಯಾವುದರಿಂದ ಬಂದಿರಬಹುದು ಎಂದು ನಿಮಗನ್ನಿಸುತ್ತದೆ? ಮನೆಯವರಿಗೆ ಏನನ್ನಿಸುತ್ತದೆ?
* ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿ ತೋರಿಸಿದಿರಿ? ಅದರಿಂದ ಗುಣ ಕಂಡಿತೇ?
* ಇದರಲ್ಲಿ ನಿಮಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಯಾವುದು?
* ಗುಣವಾದರೆ ಮೊದಲು ಯಾವ ಕೆಲಸ ಮಾಡಬೇಕೆಂದಿದ್ದೀರಿ?

ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಪ್ರಕಟಿಸಿದ ರೋಗವರ್ಗೀಕರಣ ಕೈಪಿಡಿಯಲ್ಲಿ ಇದೇ ಉದ್ದೇಶದ 16 ಪ್ರಶ್ನೆಗಳ ಸಂದರ್ಶನ ಕ್ರಮವಿದೆ. ಸಾಲ, ಬೆಳೆನಷ್ಟ, ಜಮೀನಿನ ವ್ಯಾಜ್ಯ, ಗೊರೂರಿನ ಹೇಮಾವತಿ ಜಲಾಶಯದಂತಹ ಯೋಜನೆಗಾಗಿ ಊರು ಬಿಟ್ಟ ಕುಟುಂಬದ ನೆನಪು ಇವೂ ಉತ್ತರದಲ್ಲಿ ಬರಬಹುದು. ಕೃಷಿಕ ಕುಟುಂಬಗಳಲ್ಲಿ ಕೀಟನಾಶಕವು ಮನೆಯಲ್ಲೇ ಇರುವುದರಿಂದ, ಖಿನ್ನತೆಯಿರುವ ವ್ಯಕ್ತಿಯ ಮನೆಯಲ್ಲಿ ಅದನ್ನು ಎಲ್ಲಿ ಇಟ್ಟಿದ್ದಾರೆ, ಬೀಗ ಯಾರ ಕೈಯಲ್ಲಿದೆ ಎಂದು ಕೇಳುವುದು ಮಾಹಿತಿ ಸಂಗ್ರಹದ ಅವಶ್ಯ ಭಾಗ. ಆತ್ಮಹತ್ಯೆಯ ಯೋಚನೆಯನ್ನು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ.

=== ಔಷಧಿ ಮತ್ತು ಆಹಾರ ===

ಮಾತ್ರೆಗಳು ‘ಉಷ್ಣ’ ಎಂಬ ನಂಬಿಕೆಯಿಂದ ಅವನ್ನು ಬಿಡುವುದು ಸಾಮಾನ್ಯ. ಎಳನೀರು, ಮಜ್ಜಿಗೆಗಳನ್ನು ಜೊತೆಗೆ ಸೇವಿಸಲು ಹೇಳುವುದು ಬಹುತೇಕ ರೋಗಿಗಳಿಗೆ ಸುಲಭವಾದ ಹೊಂದಾಣಿಕೆ. ಲಿಥಿಯಂ ಪಡೆಯುತ್ತಿರುವವರು ರಂಜಾನ್, ಏಕಾದಶಿ ಮುಂತಾದ ಉಪವಾಸಗಳಲ್ಲಿ ನೀರನ್ನೂ ತ್ಯಜಿಸಿದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗಬಹುದು. ಆದ್ದರಿಂದ ಉಪವಾಸಕ್ಕೆ ಮೊದಲೇ ವೈದ್ಯರೊಂದಿಗೆ ಚರ್ಚಿಸುವಂತೆ ತಿಳಿಸಬೇಕು. ಸೂರ್ಯಾಸ್ತದ ನಂತರ ಆಹಾರ ಸೇವಿಸದ ಜೈನರಿಗೆ, ಊಟದೊಂದಿಗೆ ತೆಗೆದುಕೊಳ್ಳಬೇಕಾದ ರಾತ್ರಿಯ ಔಷಧಿಯ ವೇಳೆಯನ್ನು ಬದಲಾಯಿಸಲು ಸಾಧ್ಯವೇ ಎಂದು ವೈದ್ಯರನ್ನು ವಿಚಾರಿಸಬೇಕು. ಪ್ರಾಣಿಜನ್ಯ ಜೆಲಾಟಿನ್‌ನಿಂದ ಮಾಡಿದ ಕ್ಯಾಪ್ಸೂಲ್‌ಗಳನ್ನು ಸಸ್ಯಾಹಾರಿಗಳು ನಿರಾಕರಿಸಬಹುದು. ಅಂತಹವರಿಗೆ ಮಾತ್ರೆಯ ರೂಪ ಲಭ್ಯವಿದೆಯೇ ಎಂದು ನೋಡಬಹುದು. ವಿದ್ಯುತ್ ಕಂಪನ ಚಿಕಿತ್ಸೆಯು ಜನರ ಮಾತಿನಲ್ಲಿ ‘ಕರೆಂಟ್ ಕೊಡುವುದು’. ಈ ಹೆಸರೇ ಭಯ ಹುಟ್ಟಿಸುವುದರಿಂದ, ಅರಿವಳಿಕೆ ನೀಡಿಯೇ ಚಿಕಿತ್ಸೆ ನಡೆಯುತ್ತದೆ ಎಂಬುದನ್ನು ರೋಗಿ ಮತ್ತು ಕುಟುಂಬಕ್ಕೆ ಮೊದಲೇ ವಿವರಿಸಬೇಕಾಗುತ್ತದೆ.

=== ಕುಟುಂಬ ===

ಭಾರತದಲ್ಲಿ ರೋಗಿಯ ಜೊತೆ ಬಂಧುಗಳು ಆಸ್ಪತ್ರೆಯಲ್ಲಿ ಉಳಿಯುವ ಪದ್ಧತಿಯನ್ನು 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಚಿಕಿತ್ಸೆಯ ಭಾಗವಾಗಿಸಿದರು. ಕುಟುಂಬವು ಔಷಧಿ ನೀಡುವ, ಮರುಕಳಿಕೆಯನ್ನು ಗುರುತಿಸುವ ಮುಖ್ಯ ಶಕ್ತಿ. ಆದರೆ ಸೊಸೆಯ ಪರವಾಗಿ ಅತ್ತೆ, ಹೆಂಡತಿಯ ಪರವಾಗಿ ಗಂಡ ಉತ್ತರಿಸುತ್ತಿದ್ದರೆ ರೋಗಿಯ ದನಿ ಕೇಳಿಸದು. ಹಿರಿಯರಿಗೆ ಮೊದಲು ಗೌರವಪೂರ್ವಕವಾಗಿ ಮಾತನಾಡಲು ಅವಕಾಶ ನೀಡಿ, ನಂತರ ತೂಕ ಅಥವಾ ರಕ್ತದೊತ್ತಡ ನೋಡುವ ಸಮಯದಲ್ಲಿ ರೋಗಿಯೊಂದಿಗೆ ಪ್ರತ್ಯೇಕವಾಗಿ ಮಾತನಾಡುವುದು ಅನುಕೂಲಕರ.

== ಕಾನೂನಿನ ಚೌಕಟ್ಟು ==

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಸಾಂಸ್ಕೃತಿಕ ಸಾಮರ್ಥ್ಯವನ್ನು ರೋಗಿಯ ಹಕ್ಕುಗಳ ರೂಪದಲ್ಲಿ ಬೆಂಬಲಿಸುತ್ತದೆ.

* ಸಮುದಾಯದ ನೈತಿಕ, ಸಾಂಸ್ಕೃತಿಕ ಅಥವಾ ಧಾರ್ಮಿಕ ರೂಢಿಗಳಿಗೆ ಹೊಂದಿಕೊಳ್ಳದಿರುವುದು ಮಾತ್ರ ಮನೋರೋಗವೆಂದು ನಿರ್ಣಯಿಸಲು ಆಧಾರವಾಗದು (ಕಲಂ 3).
* ಧರ್ಮ, ಸಂಸ್ಕೃತಿ, ಜಾತಿ, ಲಿಂಗ, ಲೈಂಗಿಕ ಒಲವು, ವರ್ಗ ಮುಂತಾದವುಗಳ ಆಧಾರದ ಮೇಲೆ ಭೇದವಿಲ್ಲದೆ ಆರೈಕೆ ಪಡೆಯುವ ಹಕ್ಕಿದೆ (ಕಲಂ 18).
* ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ತಮ್ಮದೇ ಉಡುಪು ಧರಿಸಲು ಬಯಸುವವರಿಗೆ ಸಮವಸ್ತ್ರವನ್ನು ಹೇರುವಂತಿಲ್ಲ (ಕಲಂ 20).
* ರೋಗಿಗೆ ಅರ್ಥವಾಗುವ ಭಾಷೆ ಮತ್ತು ರೂಪದಲ್ಲಿ ಮಾಹಿತಿ ನೀಡಬೇಕು (ಕಲಂ 22).
* ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನೂ, ಅರಿವಳಿಕೆ ಇಲ್ಲದೆ ವಿದ್ಯುತ್ ಕಂಪನ ಚಿಕಿತ್ಸೆ ನೀಡುವುದನ್ನೂ ನಿಷೇಧಿಸಲಾಗಿದೆ (ಕಲಂ 95).
* ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಆರೈಕೆ ನೀಡಬೇಕು (ಕಲಂ 115).

ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಹಾಗೂ ನಿರ್ಮೂಲನಾ ಕಾಯ್ದೆ, 2017 ರಾಜ್ಯದಲ್ಲಿ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ಇದರಡಿ ಅಪರಾಧ. ದೂರವಾಣಿಯ ಮೂಲಕ ನೆರವು ನೀಡುವ ಟೆಲಿ ಮಾನಸ್ ಸೇವೆಯು 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು.

== ಶಿಕ್ಷಣ ==

ಭಾರತೀಯ ಶುಶ್ರೂಷಾ ಪರಿಷತ್ತಿನ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಅನ್ವಯಿಕ ಸಮಾಜಶಾಸ್ತ್ರ ಮತ್ತು ಅನ್ವಯಿಕ ಮನಶ್ಶಾಸ್ತ್ರವನ್ನು ಮೊದಲ ಸೆಮಿಸ್ಟರ್‌ನಲ್ಲಿಯೂ, ಮಾನಸಿಕ ಆರೋಗ್ಯ ಶುಶ್ರೂಷೆಯನ್ನು ಐದು ಮತ್ತು ಆರನೆಯ ಸೆಮಿಸ್ಟರ್‌ಗಳಲ್ಲಿಯೂ ಬೋಧಿಸಲಾಗುತ್ತದೆ. ಸಮಾಜಶಾಸ್ತ್ರದಲ್ಲಿ ಓದಿದ ಜಾತಿ, ಕುಟುಂಬ, ಧರ್ಮಗಳ ಪಾಠವನ್ನು ವಾರ್ಡಿನ ರೋಗಿಯೊಂದಿಗೆ ಜೋಡಿಸುವುದು ಬೋಧಕರ ಮೇಲೆ ಅವಲಂಬಿತ. ಸ್ಥಳೀಯ ಪದಗಳ ಪಟ್ಟಿ ತಯಾರಿಸುವುದು, ರೋಗಿಯ ಮಾತನ್ನು ವೈದ್ಯಕೀಯ ಪದಗಳಿಗೆ ಅನುವಾದಿಸುವ ಮೊದಲು ಅವರದೇ ನುಡಿಯಲ್ಲಿ ದಾಖಲಿಸುವುದು, ಪಾತ್ರಾಭಿನಯ, ಮನೆಭೇಟಿ ಇವು ಇದಕ್ಕೆ ನೆರವಾಗುವ ವಿಧಾನಗಳು. ತನ್ನ ಜಾತಿ, ಮತ, ನಗರ-ಗ್ರಾಮ ಹಿನ್ನೆಲೆಯಿಂದ ಬಂದ ಪೂರ್ವಗ್ರಹಗಳನ್ನು ವಿದ್ಯಾರ್ಥಿಯು ತಾನೇ ಪರಿಶೀಲಿಸಿಕೊಳ್ಳುವುದೂ ತರಬೇತಿಯ ಅಂಗವೆನಿಸಿದೆ.

== ಟೀಕೆ ಮತ್ತು ಮಿತಿಗಳು ==

ಸಾಂಸ್ಕೃತಿಕ ಸಾಮರ್ಥ್ಯವನ್ನು ‘ಇಂತಹ ಸಮುದಾಯದವರು ಹೀಗೆ’ ಎಂಬ ಪಟ್ಟಿಯಾಗಿ ಕಲಿಸಿದರೆ, ಅದು ಪೂರ್ವಗ್ರಹವನ್ನೇ ಬಲಪಡಿಸುತ್ತದೆ ಎಂಬ ಟೀಕೆಯಿದೆ. ಮೆಲಾನಿ ಟರ್ವಾಲಾನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ ಅವರು 1998ರಲ್ಲಿ ಇದಕ್ಕೆ ಪರ್ಯಾಯವಾಗಿ ‘ಸಾಂಸ್ಕೃತಿಕ ವಿನಯ’ ಎಂಬ ಪರಿಕಲ್ಪನೆಯನ್ನು ಸೂಚಿಸಿದರು. ಸಂಸ್ಕೃತಿಯನ್ನು ಸಂಪೂರ್ಣವಾಗಿ ಕಲಿತು ಮುಗಿಸಲಾಗದು, ಕಲಿಕೆ ಜೀವನವಿಡೀ ಸಾಗಬೇಕು ಎಂಬುದು ಅವರ ನಿಲುವು. ಸಾಮರ್ಥ್ಯವನ್ನು ಅಳೆಯುವ ಮಾಪನಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ದೇಶಗಳಲ್ಲಿ ರೂಪುಗೊಂಡವು ಮತ್ತು ಶುಶ್ರೂಷಕರ ಸ್ವಂತ ಹೇಳಿಕೆಯನ್ನು ಆಧರಿಸಿದವು. ಜನಾಂಗ ಮತ್ತು ವಲಸೆಯನ್ನು ಕೇಂದ್ರವಾಗಿಸಿಕೊಂಡ ಈ ಮಾಪನಗಳು ಭಾರತದ ಜಾತಿ ವ್ಯವಸ್ಥೆಯನ್ನು ಸಮರ್ಪಕವಾಗಿ ಹಿಡಿದಿಡಲಾರವು.

ಚಿಕಿತ್ಸೆ ಬಿಡುವುದಕ್ಕೆಲ್ಲ ಸಂಸ್ಕೃತಿಯೇ ಕಾರಣವೆಂದು ಹೇಳುವುದೂ ಸರಿಯಲ್ಲ ಎಂಬ ಅಭಿಪ್ರಾಯವಿದೆ. ಭಾರತದ 12 ರಾಜ್ಯಗಳಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಆ ಸಮಯದಲ್ಲಿ ಮನೋರೋಗದಿಂದ ಬಳಲುತ್ತಿದ್ದರೆಂದೂ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ತಲುಪುತ್ತಿಲ್ಲವೆಂದೂ ತಿಳಿಸಿತು. ಬಸ್ಸಿನ ಖರ್ಚು, ಕಳೆದುಕೊಳ್ಳುವ ದಿನಗೂಲಿ, ಜೊತೆಗೆ ಬರುವವರ ಕೊರತೆ, ಔಷಧಿಯ ಅಲಭ್ಯತೆ ಇವು ನಂಬಿಕೆಯಷ್ಟೇ ಬಲವಾದ ಅಡ್ಡಿಗಳು. ಮಾಟದ ಭಯದಿಂದ ರೋಗಿಯು ಬರಲಿಲ್ಲವೆಂದು ಕಡತದಲ್ಲಿ ಬರೆಯುವ ಮೊದಲು, ಆ ದಿನ ಊರಿಗೆ ಬಸ್ಸು ಇತ್ತೇ ಎಂದು ವಿಚಾರಿಸುವುದೂ ಸಾಂಸ್ಕೃತಿಕ ಸಾಮರ್ಥ್ಯದ ಭಾಗವೇ ಆಗಿದೆ.

== ಇವನ್ನೂ ನೋಡಿ ==

* ನಿಮ್ಹಾನ್ಸ್
* ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017
* ಶುಶ್ರೂಷೆ
* ಹಾಸನ ಜಿಲ್ಲೆ
* ಸಲ್ಲೇಖನ